ಸೆಮಿಫೈನಲ್‌ಗೆ ಮುನ್ನ ನಮಗೆ ಶಾಲು ಹೊದಿಸದಿರುವ ಬಗ್ಗೆ

ಇಂದ,
ಗುರುಬಸು ಹಳ್ಳಿಕೇರಿ,
ಗೋಲ್‌ಕೀಪರ್ (ಹಾಲಿ), ತುಂಗಭದ್ರಾ ಹಾಕಿ ತಂಡ,
ಡೊಂಬಿವಲಿ ಪೂರ್ವ.

ಗೆ,
ಶ್ರೀ ಮುರಾರಿ ಅವರು,
ಅಧ್ಯಕ್ಷರು, ಸನ್ಮಾನ ಉಪಸಮಿತಿ, ನಮ್ಮ ಕನ್ನಡ ಬಳಗ,
ಬಿಡಾರ: ತಮ್ಮದೇ ಹೋಟೆಲು, ನೌಪಾಡಾ, ಥಾಣೆ ಪಶ್ಚಿಮ.

ವಿಷಯ: ಬರುವ ಭಾನುವಾರ ಬೆಳಿಗ್ಗೆ ನಮ್ಮ ತಂಡಕ್ಕೆ ಏರ್ಪಡಿಸಿರುವ ಸನ್ಮಾನವನ್ನು, ಅದೇ ದಿನ ಸಂಜೆಯ ಸೆಮಿಫೈನಲ್ ಪಂದ್ಯದ ಹಿತದೃಷ್ಟಿಯಿಂದ, ದಯವಿಟ್ಟು ಕೈಬಿಡುವ ಕುರಿತು.

ಉಲ್ಲೇಖ: (ಅ) ಸದರಿ ಸನ್ಮಾನದ ಬಗ್ಗೆ ತಾವು ಹೋಟೆಲಿನಲ್ಲಿ ಬಾಯಿಮಾತಿನಲ್ಲಿ ಹೊರಡಿಸಿದ ಆದೇಶ.
(ಆ) ಅದಕ್ಕೆ ನಾನು ತಲೆಯಾಡಿಸಿದ್ದು.
(ಇ) ತಲೆಯಾಡಿಸಬಾರದಿತ್ತು ಎಂದು ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಅನ್ನಿಸಿದ್ದು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಇದನ್ನು ಎದುರಿಗೇ ಹೇಳಿಬಿಡಬೇಕೆಂದು ನಾನು ಈ ವಾರ ಎರಡು ಸಲ ತಮ್ಮ ಹೋಟೆಲಿಗೆ ಬಂದಿದ್ದೆ. ಮೊದಲ ಸಲ ತಾವು ಕೂರಿಸಿ ಗೋಳಿಬಜೆ ತರಿಸಿದಿರಿ. ಬಾಯಲ್ಲಿ ತಮ್ಮದೇ ಗೋಳಿಬಜೆ ಇಟ್ಟುಕೊಂಡು ತಮಗೇ ಬೇಡ ಎನ್ನುವುದು ನನ್ನಿಂದಾಗಲಿಲ್ಲ. ಎರಡನೆಯ ಸಲ ಏನೂ ತಿನ್ನಬಾರದೆಂದು ಗಟ್ಟಿ ಮನಸ್ಸು ಮಾಡಿ ಬಂದೆ. ಆಗ ತಾವು ತಿನ್ನಲು ಕೊಡುವ ಬದಲು ಒಂದು ಮಾತು ಹೇಳಿದಿರಿ. ಅದಂತೂ ಗೋಳಿಬಜೆಗಿಂತ ಬಿಸಿಯಾಗಿತ್ತು. ಅದನ್ನು ಮುಂದೆ ಕ್ರಮವಾಗಿ ನಮೂದಿಸುತ್ತೇನೆ. ಒಟ್ಟಿನಲ್ಲಿ ಆ ದಿನವೂ ತಲೆಯಾಡಿಸಿಯೇ ಎದ್ದೆ.

ನಾನು ಹೊರಡುವಾಗ ಒಬ್ಬರು ಮೆಲ್ಲಗೆ ಕರೆದು, "ನಿಮಗೆ ಬೇಡ ಅಂತ ಹೇಳ್ಲಿಕ್ಕೆ ಬರೂದಿಲ್ಲ, ಇವರಿಗೆ ಕೇಳ್ಲಿಕ್ಕೆ ಬರೂದಿಲ್ಲ. ಕಾಗದ ಆದ್ರೆ ಕನ್ನಡಕ ಹಾಕ್ಕೊಂಡು ಪೂರ್ತಿ ಓದ್ತಾರೆ. ಬರ್ದು ಕೊಡಿ" ಎಂದು ಸಲಹೆ ಕೊಟ್ಟರು. ಹೆಸರು ಹಾಕಬಾರದೆಂದು ಹೇಳಿರುವ ಕಾರಣ ಅವರ ಹೆಸರು ಹಾಕಿಲ್ಲ. ಅವರು ಆಗ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕುಳಿತಿದ್ದರು. ತಾವು ಅವರನ್ನು ರತ್ನಾವತಿ ಎಂದು ಕರೆಯುತ್ತೀರಿ.

ಆದ್ದರಿಂದ ಈ ಅರ್ಜಿ. ಕಾರಣಗಳು ಈ ಕೆಳಗಿನಂತಿವೆ.

1. ನಮ್ಮ ತಂಡದ ಪೂರ್ವಾಪರ ತಮಗೆ ಗೊತ್ತಿರುವುದೇ ಆದರೂ ಅರ್ಜಿಯಲ್ಲಿ ಇರಬೇಕಾದ್ದರಿಂದ ಬರೆಯುತ್ತೇನೆ. ನಾಯಕ ಹೃಷಿಕೇಶ್ ಮೈಸೂರಿನವರು, ಐರೋಲಿಯ ಐಟಿ ಕಂಪನಿಯಲ್ಲಿ ಕೆಲಸ. ಮುಂಚೂಣಿ ಆಟಗಾರ ಸೃಜನ್ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ, ಆದರೆ ಬಾಲು ಮಾತ್ರ ಅವನ ಕೋಲಿಗೆ ಅಂಟಿಕೊಂಡೇ ಇರುತ್ತದೆ. ನಾನು ಗದಗ ಸೀಮೆಯ ಹಳ್ಳಿಯವನು, ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಚಿಕ್ಕವನಿದ್ದಾಗ ಜೋಳದ ಹೊಲದ ನಡುವೆ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುತ್ತಿದ್ದೆ. ತೆನೆ ಹಾಲುಗಟ್ಟುವ ಕಾಲಕ್ಕೆ ಹಕ್ಕಿ ಯಾವ ದಿಕ್ಕಿನಿಂದ ಬರುತ್ತದೆಂದು ಹೇಳಲಾಗದು. ಬಹಳ ಹೊತ್ತು ಏನೂ ಆಗುವುದಿಲ್ಲ, ಆದರೆ ಕಣ್ಣು ಮುಚ್ಚುವಂತಿಲ್ಲ. ಗೋಲ್‌ಕೀಪರನ ಕೆಲಸವೂ ಅದೇ ಆದಕಾರಣ ನನಗೆ ಅದನ್ನು ಯಾರೂ ಬೇರೆ ಕಲಿಸಬೇಕಾಗಲಿಲ್ಲ.

2. ಭಾನುವಾರ ಬೆಳಿಗ್ಗೆ ಕ್ರಿಕೆಟ್ಟಿನವರು ಬಂದು ಮೈದಾನ ಹಿಡಿಯುವ ಮೊದಲೇ ಥಾಣೆಯಲ್ಲಿ ನಮ್ಮ ಅಭ್ಯಾಸ. ಮುಗಿಸಿಕೊಂಡು ನಾವು ತಮ್ಮ ಹೋಟೆಲಿನ ಹಿಂಬಾಗಿಲಿಗೆ ಬರುತ್ತಿದ್ದೆವು. ಬೂಟಿಗೆ ಕೆಸರು ಮೆತ್ತಿರುವುದರಿಂದ ಮುಂಬಾಗಿಲಲ್ಲಿ ತಾವು ಬಿಡುತ್ತಿರಲಿಲ್ಲ. ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ ನಿಂತುಕೊಂಡೇ ತಲೆಗೊಂದು ಬನ್ಸ್, ಅರ್ಧ ಲೋಟ ಚಹಾ. ಇನ್ನೊಂದು ಕೇಳಿದರೆ, ಹೊಟ್ಟೆ ತುಂಬಿದವ ಓಡಿದ್ದನ್ನು ನಾನು ಹೋಟೆಲಿಟ್ಟಾಗಿನಿಂದ ನೋಡಿಲ್ಲ ಎಂದು ತಾವು ಗದರುತ್ತಿದ್ದಿರಿ. ಗಣಪತಿ ಹಬ್ಬದಿಂದ ದೀಪಾವಳಿಯವರೆಗೆ ನಮ್ಮ ಆಹಾರ, ಗೌರವ ಎರಡೂ ಇಷ್ಟೇ ಇದ್ದವು. ಆ ಅವಧಿಯಲ್ಲಿ ನಾವು ಒಂದೂ ಪಂದ್ಯ ಸೋಲಲಿಲ್ಲ ಎಂಬುದನ್ನು ತಾವು ಗಮನಿಸಬೇಕು.

3. ಆಮೇಲೆ ನವೆಂಬರ್ ಬಂತು. ರಾಜ್ಯೋತ್ಸವದ ತಿಂಗಳೆಂದರೆ ನಮ್ಮ ಕಡೆಯ ಪ್ರತಿಯೊಂದು ಬಳಗಕ್ಕೂ ಸನ್ಮಾನಿಸಲು ಯಾರಾದರೂ ಬೇಕು. ಇಷ್ಟು ವರ್ಷಗಳಲ್ಲಿ ಐರೋಲಿಯವರು ಕಲ್ಯಾಣದವರನ್ನು, ಕಲ್ಯಾಣದವರು ಟಿಟ್ವಾಳಾದವರನ್ನು, ಟಿಟ್ವಾಳಾದವರು ಐರೋಲಿಯವರನ್ನು ಸನ್ಮಾನಿಸಿ ಮುಗಿದಿತ್ತು. ಹೊಸ ಕೊರಳು ಸಿಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಸೋಲೇ ಕಾಣದ ಇಡೀ ಒಂದು ಹಾಕಿ ತಂಡ ಒಟ್ಟಿಗೇ ಸಿಕ್ಕಿತು. ಯಾರನ್ನು ದೂರುವುದು? ಕರೆದವರೆಲ್ಲ ಪ್ರೀತಿಯಿಂದಲೇ ಕರೆದರು. ಬರುವುದಿಲ್ಲ ಎನ್ನುವ ಪದ್ಧತಿ ನಮ್ಮಲ್ಲಿ ಯಾರ ಮನೆಯಲ್ಲೂ ಇಲ್ಲ. ಭಾನುವಾರದ ಬೆಳಗುಗಳು ಹೀಗೆ ಒಂದೊಂದಾಗಿ ಮೈದಾನದಿಂದ ಸಭಾಗೃಹಕ್ಕೆ ಹೋದವು.

4. ತತ್ಪರಿಣಾಮವಾಗಿ ಸಂಭವಿಸಿದ ಸೋಲುಗಳ ವಿವರ:

(ಅ) ಟಿಟ್ವಾಳಾದ ಸನ್ಮಾನದ ದಿನ ಮುಖ್ಯ ಅತಿಥಿಗಳು ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕಿನಲ್ಲಿ ಸಿಕ್ಕಿಕೊಂಡರು. ಅವರು ಬರುವವರೆಗೆ ನಾವು ಪೇಟ ಸುತ್ತಿಸಿಕೊಂಡು ವೇದಿಕೆಯ ಮೇಲೆ ಸಾಲಾಗಿ ಕುಳಿತಿದ್ದೆವು. ಸಭಿಕರು ಬೇಸರಪಡಬಾರದೆಂದು ನಮ್ಮ ಬಳಗದ ಕಿಟ್ಟು ಮಾಸ್ತರರು ತಂಡದ ಪರಿಚಯ ಮಾಡಲು ಎದ್ದು ಕದಂಬರಿಂದ ಶುರುಮಾಡಿದರು. ಅವರು ವಿಜಯನಗರ ದಾಟುವಷ್ಟರಲ್ಲಿ ಅತಿಥಿಗಳು ಬಂದದ್ದರಿಂದ ಹಾಕಿಯ ವಿಷಯ ಬರಲೇ ಇಲ್ಲ. ಊಟಕ್ಕೆ ತುಪ್ಪ ಸುರಿದ ಹೋಳಿಗೆ. ಅಲ್ಲಿಂದ ನೇರ ಪಂದ್ಯಕ್ಕೆ. ಸೃಜನ್ ಬಾಲು ಹಿಡಿದು ಅರ್ಧ ಮೈದಾನ ಓಡಿದವನು ಕೋಲು ನೆಲಕ್ಕೆ ಊರಿಕೊಂಡು ಬಗ್ಗಿ ನಿಂತ. ಎದುರಾಳಿ ತಂಡದ ಹುಡುಗನೇ ಬಂದು ಅವನ ಬೆನ್ನು ಸವರಿದ. ಸವರಿ, ಬಾಲು ತೆಗೆದುಕೊಂಡು ಹೋಗಿ ಗೋಲು ಹೊಡೆದ.

(ಆ) ಐರೋಲಿಯಲ್ಲಿ ವೇದಿಕೆಯ ನಡುವಿನ ಕುರ್ಚಿಗೆ ಯಾರು ಕೂರಬೇಕೆಂಬುದೇ ದೊಡ್ಡ ಮರ್ಯಾದೆಯಾಯಿತು. ನೀವು ಕೂರಿ, ಇಲ್ಲ ನೀವು ಹಿರಿಯರು, ಛೆ ತಾವಿರುವಾಗ ನಾನೇ ಎಂದು ಎಲ್ಲರೂ ಹಿಂದೆ ಹಿಂದೆ ಸರಿದು ಕೊನೆಗೆ ಆ ಕುರ್ಚಿ ಖಾಲಿಯೇ ಉಳಿಯಿತು. ಮುಂದಿನ ಪಂದ್ಯದಲ್ಲಿ ಎದುರಾಳಿ ಕೀಪರ್ ಜಾರಿ ಬಿದ್ದು, ಖಾಲಿ ಗೋಲಿನ ಮುಂದೆ ಬಾಲು ಸುಮ್ಮನೆ ನಿಂತಿತ್ತು. ಹೃಷಿಕೇಶ್ ಕೋಲೆತ್ತಿದವರು ಪಕ್ಕದಲ್ಲಿದ್ದ ನಮ್ಮದೇ ತಂಡದ ಶ್ರೀನಿಯನ್ನು ನೋಡಿ, "ನೀವೇ ಹೊಡೀರಿ ಸಾರ್" ಎಂದರು. ಶ್ರೀನಿ, "ಕ್ಯಾಪ್ಟನ್ ನೀವಿದ್ದೀರಲ್ಲ, ನೀವು ಹೊಡೀರಿ" ಎಂದು ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಬಿದ್ದಿದ್ದ ಕೀಪರ್ ಎದ್ದು, ಪ್ಯಾಡಿನ ಮಣ್ಣು ಕೊಡವಿಕೊಂಡು, ಬಾಲನ್ನು ಒದ್ದು ಕಳಿಸಿದ.

(ಇ) ಮೂರನೆಯ ಸೋಲು ನನ್ನದು. ಕಲ್ಯಾಣದಲ್ಲಿ ಮಹಿಳಾ ವಿಭಾಗದವರು ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಂದು ಸಾಲಾಗಿ ಬಂದು ಸನ್ಮಾನಿಸಿದ್ದರು. ಎದುರಿನಿಂದ ಏನು ಬಂದರೂ ಕೊರಳು ಬಗ್ಗಿಸುವುದು, ಕೈಮುಗಿಯುವುದು. ನನ್ನ ಮೈಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ಆ ಸಂಜೆಯ ಪಂದ್ಯದಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿತು, ಅವರಿಗೆ. ಬಾಲು ನನ್ನ ಹಣೆಯ ಎತ್ತರಕ್ಕೆ ನೇರವಾಗಿ ಬಂತು. ನಾನು ಅದನ್ನು ಸ್ಪಷ್ಟವಾಗಿ ನೋಡಿದೆ. ನೋಡಿ, ಕೈ ಜೋಡಿಸಿ, ತಲೆ ಬಗ್ಗಿಸಿದೆ.

ಬಾಲು ನನ್ನ ತಲೆಯ ಮೇಲಿಂದ ಹೋಗಿ ಬಲೆ ಸೇರಿತು. ಸೃಜನ್ ಓಡಿ ಬಂದು, "ಅಂಕಲ್, ಬಾಲ್ ಸಾಮ್ನೆ ಸೇ ಆ ರಹಾ ಥಾ, ಆಪ್ ಝುಕ್ ಕ್ಯೋಂ ಗಯೇ?" ಎಂದು ಕೇಳಿದ. ಯಾಕೆ ಬಗ್ಗಿದೆ ಎಂಬ ಆ ಪ್ರಶ್ನೆಗೆ ಉತ್ತರವನ್ನು ಈಗ ಲಿಖಿತವಾಗಿ ಕೊಡುತ್ತಿದ್ದೇನೆ: ಬರುವುದನ್ನು ತಡೆಯುವುದು ಗೋಲ್‌ಕೀಪರನ ಕೆಲಸ, ಬರುವುದನ್ನು ಸ್ವೀಕರಿಸುವುದು ಸನ್ಮಾನಿತನ ಕೆಲಸ. ಒಂದೇ ಮೈಗೆ ಒಂದೇ ತಿಂಗಳಲ್ಲಿ ಎರಡನ್ನೂ ಕಲಿಸಲಾಗುವುದಿಲ್ಲ.

ಈ ಘಟನೆಯ ನಂತರ ನನ್ನ ಹೆಂಡತಿ ಸುಲೋಚನಾ ಕಪಾಟಿನ ಬಾಗಿಲು ತೆರೆದು ತೋರಿಸಿ ಹೇಳಿದ್ದನ್ನು ಪೂರಕ ಅಭಿಪ್ರಾಯವಾಗಿ ಸೇರಿಸುತ್ತಿದ್ದೇನೆ. "ಫ್ಯಾನ್ ಬಂದ್ ಮಾಡಿದ್ರ ಜೀವ ಹೋಗೋ ಊರಿದು. ಇಷ್ಟು ಶಾಲು ಹೊದ್ದುಕೊಂಡು ಎಲ್ಲಿಗೆ ಹೊಂಟೀರಿ ನೀವು?"

5. ನಮ್ಮ ಊರಲ್ಲಿ ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ, ಮೇಲೆ ಜೂಲು ಹೊದಿಸಿ, ಓಣಿಯಲ್ಲಿ ಮೆರೆಸುತ್ತೇವೆ. ಅಂದು ಯಾರೂ ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ. ನೋಡಲಿಕ್ಕೆ ಎರಡು ಕಣ್ಣು ಸಾಲುವುದಿಲ್ಲ. ಆದರೆ ಮರುದಿನ ನಮ್ಮಪ್ಪ ಜೂಲು ತೆಗೆದು ಮಡಿಚಿ ಅಟ್ಟದ ಮೇಲಿಟ್ಟು, ಅವೇ ಎತ್ತುಗಳನ್ನು ಕೂರಿಗೆಗೆ ಹೂಡುತ್ತಿದ್ದ. ಎತ್ತಿಗೂ ಅದು ಗೊತ್ತಿತ್ತು. ಕೊರಳು ತಾನಾಗಿ ಮುಂದೆ ಮಾಡುತ್ತಿತ್ತು. ಕಾರಹುಣ್ಣಿಮೆಯ ಸುಖವೆಲ್ಲ ಇರುವುದು ಆ ಮರುದಿನದಲ್ಲಿ. ನಮ್ಮ ತಂಡಕ್ಕೆ ಈ ಸಲ ಕಾರಹುಣ್ಣಿಮೆ ಬಂತು, ಮರುದಿನ ಬರಲೇ ಇಲ್ಲ.

6. ಮೊದಲಿನ ಗೆಲುವುಗಳ ಪುಣ್ಯದಿಂದ ನಾವು ಹೇಗೋ ಲೀಗಿನ ನಾಲ್ಕನೆಯ ಸ್ಥಾನಕ್ಕೆ ಜೋತುಬಿದ್ದು ಸೆಮಿಫೈನಲ್ ಸೇರಿದ್ದೇವೆ. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಭಾನುವಾರ ಸಂಜೆ ನಾಲ್ಕಕ್ಕೆ ನವಿ ಮುಂಬಯಿಯ ಟರ್ಫಿನ ಮೇಲೆ ಕಲ್ಯಾಣದ ಉಲ್ಲಾಸ್ ತಂಡದೊಂದಿಗೆ ಆಟ. ಮುಂದಿನ ವರ್ಷದಿಂದ ನನ್ನ ಬದಲು ಪ್ಯಾಡು ಕಟ್ಟುವವನು ಆಕಾಶ ಎಂಬ ಹೊಸ ಹುಡುಗ. ಹೃಷಿಕೇಶ್ ಇದನ್ನು ನನಗೆ ಬಹಳ ಮುಜುಗರಪಟ್ಟು ತಿಳಿಸಿದರು. ಅದು ನ್ಯಾಯವೇ, ನನ್ನ ಮಂಡಿಯೂ ಅದನ್ನೇ ಹೇಳುತ್ತಿದೆ. ಆದ್ದರಿಂದ ಈ ಸೆಮಿಫೈನಲ್ ನನ್ನ ಪಾಲಿಗೆ ಮೊದಲನೆಯದು ಮತ್ತು ಕೊನೆಯದು. ಗೆಲ್ಲಿಸಿಕೊಡುತ್ತೇನೆಂದು ಹೇಳುವಷ್ಟು ಸೊಕ್ಕು ನನಗಿಲ್ಲ. ನನಗೆ ಬೇಕಾದದ್ದು, ಬಾಲು ಬಂದಾಗ ಬಗ್ಗದೆ ನೆಟ್ಟಗೆ ನಿಲ್ಲುವುದು. ಕೊನೆಯ ಸಲ ಪ್ಯಾಡು ಬಿಚ್ಚುವಾಗ ನೆನಪಿಗೆ ಆ ಕೈಮುಗಿದದ್ದೇ ಬರಬಾರದು.

7. ಅದೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನೌಪಾಡಾದಲ್ಲಿ ತಾವು ನಮ್ಮ ಸನ್ಮಾನ ಇಟ್ಟಿದ್ದೀರಿ. ಪಂದ್ಯ ಮುಗಿದ ಮೇಲೆ ಇಟ್ಟುಕೊಳ್ಳೋಣ ಎಂದು ನಾನು ಎರಡನೆಯ ಸಲ ಬಂದಾಗ ತೊದಲುತ್ತಾ ಹೇಳಿದ್ದೆ. ಮಧ್ಯಾಹ್ನದ ಗಿರಾಕಿಗಳು ಹೋಗಿ ಮೇಜು ಒರೆಸುತ್ತಿದ್ದ ಹೊತ್ತು. ತಾವು ನನ್ನೆದುರಿಗೆ ಕುಳಿತು ಆಗ ಆಡಿದ ಮಾತುಗಳನ್ನು ದಾಖಲೆಗಾಗಿ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಬೇಕು.

"ಹಳ್ಳಿಕೇರಿಯವ್ರೇ, ಬಳಗದ ಎಲ್ಲಾ ಸನ್ಮಾನಕ್ಕೂ ಊಟ ನಮ್ಮ ಹೋಟ್ಲಿಂದಲೇ ಹೋಗೂದು. ಆದ್ರೆ ಒಂದೇ ಒಂದು ಸನ್ಮಾನ ನಾನು ಕಣ್ಣಲ್ಲಿ ನೋಡಿದ್ದಿಲ್ಲ. ಚಪ್ಪಾಳೆ ಕೇಳ್ತದೆ. ನಾನು ಹಿಂದೆ ಸಾಂಬಾರು ಬಿಸಿ ಮಾಡ್ತಾ ಇರ್ತೇನೆ. ಈ ವರ್ಷ ನನ್ನನ್ನೇ ಅಧ್ಯಕ್ಷ ಮಾಡಿದ್ದಾರೆ. ಒಂದು ಸಲ ನನ್ನ ಕೈಯಲ್ಲಿ ಯಾರಿಗಾದ್ರೂ ಶಾಲು ಹೊದಿಸ್ಬೇಕು ಅಂತ ಆಸೆ, ಅಷ್ಟೇ."

ಪಂದ್ಯದ ನಂತರ ಹೊದಿಸಬಹುದಲ್ಲ ಎಂದು ನಾನು ಕೇಳಿದೆ.

"ಸಂಜೆ ನೀವು ಸೋತ್ರೆ? ಈಗ ಬಿಡದೆ ಸೋಲ್ತಾ ಇದ್ದೀರಿ ಮಾರಾಯ್ರೆ. ಸೋತವರಿಗೆ ಹೊದಿಸ್ಲಿಕ್ಕೆ ಕಮಿಟಿಯವ್ರು ಒಪ್ಪೂದಿಲ್ಲ. ಅದಕ್ಕೇ ಸೋಲೂದ್ರ ಒಳಗೆ ಮಾಡಿ ಮುಗಿಸೂದು."

ಮಾನ್ಯರೇ, ನಾವು ಸೋಲುತ್ತಿರುವುದು ಸನ್ಮಾನದಿಂದ. ತಾವು ಸನ್ಮಾನಕ್ಕೆ ಅವಸರ ಮಾಡುತ್ತಿರುವುದು ನಾವು ಸೋಲುತ್ತಿರುವುದರಿಂದ. ಇದು ಗಾಣದೆತ್ತಿನ ದಾರಿ. ಎಲ್ಲಾದರೂ ಒಂದು ಕಡೆ ಹಗ್ಗ ಬಿಚ್ಚದಿದ್ದರೆ ನಡೆದದ್ದೇ ನಡೆದದ್ದು. ಇದನ್ನೆಲ್ಲ ಅಂದೇ ಹೇಳಬಹುದಿತ್ತು. ಆದರೆ ತಾವು ಸಾಂಬಾರಿನ ಮಾತು ಹೇಳಿದ ಮೇಲೆ ನನ್ನ ಬಾಯಿಂದ ಬಂದದ್ದು, "ಆತ್ರೀ ಅಣ್ಣಾರ, ಬರ್ತೀವಿ" ಎಂದಷ್ಟೇ. ತಾವು ಖುಷಿಯಿಂದ ಶಾಲಿನ ಅಂಚು ಕೆಂಪು ಇರಲೋ ಹಸಿರೋ ಎಂದು ಕೇಳಿದಿರಿ. ನಾನು ಹಸಿರು ಎಂದೂ ಹೇಳಿಬಿಟ್ಟೆ.

8. ಈ ಬಗ್ಗೆ ತಂಡದವರೆಲ್ಲ ಸಭೆ ಸೇರಿ ಚರ್ಚಿಸಿದೆವು. ಹೊಟ್ಟೆನೋವೆಂದು ಸುಳ್ಳು ಹೇಳೋಣ ಎಂದು ಶ್ರೀನಿ ಸೂಚಿಸಿದರು. ಹನ್ನೊಂದು ಜನಕ್ಕೂ ಹೊಟ್ಟೆನೋವು ಎಂದರೆ ಹೋಟೆಲಿನ ಹೆಸರು ಕೆಡುತ್ತದೆಂದು ಆ ಸೂಚನೆಯನ್ನು ಬಿಟ್ಟೆವು. ಹೃಷಿಕೇಶ್ ತಾನೊಬ್ಬನೇ ಬಂದು ಎಲ್ಲರ ಶಾಲನ್ನೂ ಹೊದ್ದುಕೊಳ್ಳುವುದಾಗಿ ಹೇಳಿದರು. ನಾಯಕನಿಲ್ಲದೆ ಆಡುವುದು ಹೇಗೆ ಎಂದು ಅದನ್ನೂ ಬಿಟ್ಟೆವು. ತಮ್ಮ ಮನಸ್ಸಿಗೆ ನೋವಾಗದೆ ಕೆಲಸ ಆಗಬೇಕೆಂಬುದಕ್ಕೆ ಮಾತ್ರ ಎಲ್ಲರೂ ಒಪ್ಪಿದರು. ಸೃಜನ್ ಕೂಡ ಒಪ್ಪಿದ, ಹಿಂದಿಯಲ್ಲಿ.

ಕಾರಣ, ಮೇಲಿನ ಎಲ್ಲವನ್ನೂ ಸಹಾನುಭೂತಿಯಿಂದ ಪರಿಶೀಲಿಸಿ ತಾವು ಈ ಕೆಳಗಿನಂತೆ ಆದೇಶಿಸಬೇಕೆಂದು ಪ್ರಾರ್ಥನೆ:

ಒಂದು, ಭಾನುವಾರ ಬೆಳಿಗ್ಗೆ ನಮಗೆ ಶಾಲು ಬೇಡ. ಇದನ್ನು ಬರೆಯಲು ಎರಡು ಹಾಳೆ ಹರಿದಿದ್ದೇನೆ, ಮತ್ತೊಮ್ಮೆ ಬರೆಯುವುದಿಲ್ಲ. ಅಂದು ನಾವು ಬೇಗ ಎದ್ದು ಅಭ್ಯಾಸ ಮಾಡಿ ಹಿಂಬಾಗಿಲಿಗೆ ಬರುತ್ತೇವೆ. ತಲೆಗೊಂದು ಬನ್ಸ್, ಅರ್ಧ ಲೋಟ ಚಹಾ ಕೊಟ್ಟು, ಇನ್ನೊಂದು ಕೇಳಿದರೆ ಗದರಿ ಕಳಿಸಬೇಕು.

ಎರಡು, ಸಭಾಗೃಹ ಗೊತ್ತುಮಾಡಿದ್ದಾಗಿದೆ, ಶಾಲು ಬಂದಿದೆ, ತಮ್ಮ ಆಸೆಯೂ ಇದೆ. ಆದಕಾರಣ ಸನ್ಮಾನವನ್ನು ನಿಲ್ಲಿಸಬಾರದು. ಅದೇ ದಿನ, ಅದೇ ವೇದಿಕೆಯಲ್ಲಿ, ನಮ್ಮ ಬದಲು ನಮ್ಮ ಎದುರಾಳಿಗಳಾದ ಉಲ್ಲಾಸ್ ತಂಡದವರನ್ನು ಸನ್ಮಾನಿಸಬೇಕು. ಪಾಪ, ಅವರು ಕಲ್ಲುಮೈದಾನದಲ್ಲಿ ಅಭ್ಯಾಸ ಮಾಡುವ ಬಡ ಹುಡುಗರು. ಇಡೀ ಲೀಗಿನಲ್ಲಿ ಯಾರೂ ಅವರಿಗೆ ಒಂದು ಮೋಸಂಬಿಯನ್ನೂ ಕೊಟ್ಟಿಲ್ಲವೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಕಮಿಟಿಯವರ ಆಕ್ಷೇಪಣೆಯೂ ಬರಲಾರದು, ಈ ಹುಡುಗರು ಇನ್ನೂ ಸೋಲುತ್ತಿಲ್ಲ. ಎದುರಾಳಿಯನ್ನು ಗೌರವಿಸಬಾರದೆಂದು ಲೀಗಿನ ನಿಯಮಗಳಲ್ಲಿ ಎಲ್ಲೂ ಇಲ್ಲ. ಪೂರ್ತಿ ಓದಿದ್ದೇನೆ.

ಮೂರು, ಕಿಟ್ಟು ಮಾಸ್ತರರ ಪರಿಚಯ ಭಾಷಣ ತಪ್ಪದೆ ಇರಬೇಕು. ಉಲ್ಲಾಸ್ ತಂಡದವರಿಗೆ ಕನ್ನಡ ಬಾರದ ಕಾರಣ, ಅವರಿಗೆ ಅನ್ಯಾಯವಾಗದಂತೆ ಪೂರ್ತಿ ಭಾಷಣವನ್ನು ಮತ್ತೊಮ್ಮೆ ಮರಾಠಿಯಲ್ಲಿ ಹೇಳಿಸಬೇಕು.

ನಾಲ್ಕು, ಸಾಂಬಾರು ಬಿಸಿ ಮಾಡುವ ಜವಾಬ್ದಾರಿಯನ್ನು ಆ ದಿನ ಸುಲೋಚನಾ ವಹಿಸಿಕೊಳ್ಳುತ್ತಾಳೆ. ರತ್ನಾವತಿ ಅಕ್ಕನವರೊಂದಿಗೆ ಅವಳ ಮಾತು ಆಗಿದೆ. ಆದ್ದರಿಂದ ತಾವು ಪರದೆಯ ಹಿಂದೆ ಹೋಗದೆ, ವೇದಿಕೆಯ ನಡುವಿನ ಕುರ್ಚಿಯಲ್ಲಿ ಯಾರಿಗೂ ನೀವು ಕೂರಿ ಎನ್ನದೆ ಕುಳಿತು, ಹನ್ನೊಂದು ಶಾಲನ್ನೂ ತಮ್ಮ ಕೈಯಿಂದಲೇ ಹೊದಿಸಬೇಕು. ಚಪ್ಪಾಳೆಯನ್ನು ಈ ಸಲ ಎದುರಿನಿಂದ ಕೇಳಬೇಕು.

ಐದು, ಅದು ಮುಗಿದ ಮೇಲೆ ಸಂಜೆ ಟರ್ಫಿಗೆ ಬಂದು ನನ್ನ ಗೋಲಿನ ಹಿಂದೆ ನಿಲ್ಲಬೇಕು. ಅಲ್ಲಿ ಬಡಿಸುವ ಕೆಲಸವಿಲ್ಲ, ಸುಮ್ಮನೆ ನೋಡಿದರೆ ಸಾಕು. ನಾನು ಬಗ್ಗುವಂತೆ ಕಂಡರೆ ಹಿಂದಿನಿಂದ ಗದರಬಹುದು. ಸೋತರೂ ರಾತ್ರಿಯ ಊಟಕ್ಕೆ ತಮ್ಮಲ್ಲಿಗೇ ಬರುತ್ತೇವೆ, ಮುಂಬಾಗಿಲಿನಿಂದ ಬಿಡಬೇಕು. ಬೂಟು ಕೈಯಲ್ಲಿ ಹಿಡಿದುಕೊಂಡಿರುತ್ತೇವೆ.

ತಪ್ಪು ತಿಳಿಯಬಾರದೆಂದು ಬೇಡುವ,
ತಮ್ಮ ವಿಶ್ವಾಸಿ,
ಗುರುಬಸು ಹಳ್ಳಿಕೇರಿ
(ಹನ್ನೊಂದು ಜನರ ಪರವಾಗಿ)

ಸ್ಥಳ: ಡೊಂಬಿವಲಿ, ಲೋಕಲಿನ ಕಿಟಕಿ ಪಕ್ಕ
ದಿನ: ಗುರುವಾರ

ಲಗತ್ತುಗಳು:
1. ಅಳತೆ ನೋಡಲೆಂದು ಕಳಿಸಿದ್ದ ಪೇಟ, ಒಂದು. ನನಗೆ ಸರಿಯಾಗಿಯೇ ಕೂರುತ್ತದೆ, ಆದರೂ ವಾಪಸು.
2. ಉಲ್ಲಾಸ್ ತಂಡದ ಆಟಗಾರರ ಹೆಸರುಗಳು ಮತ್ತು ಅವರ ನಾಯಕನ ಮೊಬೈಲ್ ಸಂಖ್ಯೆ.
3. ತಂಡದ ಎಲ್ಲರ ಸಹಿ. ಸೃಜನ್ ಕನ್ನಡದಲ್ಲಿ ಸಹಿ ಮಾಡಲು ಪ್ರಯತ್ನಿಸಿದ್ದಾನೆ, ದಯವಿಟ್ಟು ಗುರುತಿಸಬೇಕು.

ವಿಶೇಷ ಸೂಚನೆ: ಉಲ್ಲಾಸ್ ತಂಡದ ಒಂಬತ್ತನೇ ನಂಬರಿನ ಹುಡುಗ ಬಹಳ ವೇಗವಾಗಿ ಓಡುತ್ತಾನೆ. ಊಟದಲ್ಲಿ ಅವನ ಎಲೆಗೆ ಹೋಳಿಗೆ ಬಡಿಸುವಾಗ ತಾವೇ ಖುದ್ದಾಗಿ ನಿಂತು, ಅವನು ಎಷ್ಟು ಸಲ ಬೇಡ ಎಂದರೂ ಕೇಳದಿರಬೇಕಾಗಿ ವಿನಂತಿ.